ಕಲ್ಯಾಣದ ಹೆದ್ದಾರಿಯಲ್ಲಿ ಒಂದು ರಾಜ್ಯದ ಕೊನೆಯ ದಿನಗಳು

ಸೋಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿ ಉಮರ್ಗಾವನ್ನು ದಾಟಿ ಕರ್ನಾಟಕದ ನೆಲವನ್ನು ಹೊಕ್ಕಾಗ ಎರಡೂ ಕಡೆ ಜೋಳ, ತೊಗರಿ, ಕಬ್ಬಿನ ಹೊಲಗಳು ಕಣ್ಣು ಹರಿಯುವಷ್ಟು ದೂರ ಹಬ್ಬಿರುತ್ತವೆ. ಸಸ್ತಾಪುರ ಬಂಗ್ಲಾ ಎಂಬ ಕೂಡುದಾರಿಯಲ್ಲಿ ಎಡಕ್ಕೆ ಹೊರಳಿದರೆ ಬಸವಕಲ್ಯಾಣ. ನೇರವಾಗಿ ನಡೆದರೆ ರಾಜೇಶ್ವರ, ಅದರಾಚೆ ಹುಮನಾಬಾದ. ಇಂದು ಲಾರಿ, ಬಸ್ಸುಗಳು ಎಡೆಬಿಡದೆ ಓಡುವ ಈ ದಾರಿಯಲ್ಲಿಯೇ 1948ರ ಸೆಪ್ಟೆಂಬರಿನಲ್ಲಿ ಒಂದು ರಾಜ್ಯದ ಭವಿಷ್ಯ ನಿರ್ಣಯವಾಯಿತು.

ಕಲ್ಯಾಣಕ್ಕೆ ರಾಜ್ಯಗಳ ಏಳುಬೀಳು ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಇದನ್ನು ರಾಜಧಾನಿಯಾಗಿಸಿದನು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನ ಹೆಸರಿನ ಶಕೆಯನ್ನು ಆರಂಭಿಸಿದ್ದೂ, ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ನ್ಯಾಯಗ್ರಂಥವನ್ನು ರಚಿಸಿದ್ದೂ ಈ ನಗರದ ವೈಭವದ ಕಾಲದಲ್ಲಿ. ಮುಂದೆ ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರೂ ಶರಣರೂ ಇಲ್ಲಿಯೇ ನೆರೆದು, ಜಾತಿಯ ಮೇಲುಕೀಳನ್ನು ಮೀರಿದ ಅನುಭವಗೋಷ್ಠಿಯನ್ನು ನಡೆಸಿದರು. ಹುಮನಾಬಾದಿನ ಸಮೀಪದ ಜಲಸಂಗಿಯ ಗುಡಿಯಲ್ಲಿ, ವಿಕ್ರಮಾದಿತ್ಯನ ಹೊಗಳಿಕೆಯನ್ನು ಕೆತ್ತುತ್ತಿರುವ ಶಿಲಾಬಾಲಿಕೆಯನ್ನು ಇಂದಿಗೂ ಕಾಣಬಹುದು.

ನಿಜಾಮರ ಕಾಲದಲ್ಲಿ ಈ ಊರು ‘ಕಲ್ಯಾಣಿ’ಯಾಗಿ ನವಾಬರ ಜಹಗೀರಾಗಿತ್ತು. ಬೀದರ ಜಿಲ್ಲೆಯೆಲ್ಲವೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸುಮಾರು 82,000 ಚದರ ಮೈಲಿಗಳ ವಿಸ್ತಾರ, ಒಂದು ಕೋಟಿ ಅರವತ್ತು ಲಕ್ಷದಷ್ಟು ಪ್ರಜೆಗಳು, ತನ್ನದೇ ರೈಲು, ತನ್ನದೇ ಅಂಚೆ, ತನ್ನದೇ ‘ಹಾಲಿ ಸಿಕ್ಕಾ’ ನಾಣ್ಯ. ಏಳು ಹಾಲಿ ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಸಮ. ಗಡಿಯಲ್ಲಿ ಸುಂಕ ವಸೂಲು ಮಾಡುವ ಕರೋಡಗಿರಿ ನಾಕೆಗಳಿದ್ದವು.

ಬ್ರಿಟಿಷರು ಹೊರಡುವರೆಂಬುದು ಖಚಿತವಾದಾಗ, 1947ರ ಜೂನಿನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತವನ್ನಾಗಲಿ ಪಾಕಿಸ್ತಾನವನ್ನಾಗಲಿ ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದರು. ಪ್ರಜೆಗಳ ಅಭಿಪ್ರಾಯವನ್ನು ಕೇಳಲಿಲ್ಲ. ಅದೇ ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತಾದರೂ ವಿರಸ ಬೆಳೆಯುತ್ತಲೇ ಹೋಯಿತು. ಭಾರತದ ನಾಣ್ಯದ ಚಲಾವಣೆಗೆ ಸಂಸ್ಥಾನದಲ್ಲಿ ತಡೆ ಬಂದಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಹೋಯಿತು.

ಈ ರಾಜತಾಂತ್ರಿಕ ಚದುರಂಗದ ಬೆಲೆ ತೆತ್ತವರು ಹಳ್ಳಿಯ ಜನ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸೀಮೆಯ ಗೋರಟಾ ಗ್ರಾಮದ ಮೇಲೆ ರಜಾಕಾರರು ಎರಗಿ ಅನೇಕ ಗ್ರಾಮಸ್ಥರನ್ನು ಕೊಂದರು. ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ.

ಆಗಸ್ಟ್ 21ರಂದು ಹೈದರಾಬಾದ್ ಸರಕಾರವು ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ಭಾರತದ ಮೇಲೆ ದೂರಿತ್ತಿತು. ಸಮಿತಿ ಅದನ್ನು ಕೈಗೆತ್ತಿಕೊಳ್ಳುವ ಮೊದಲೇ, ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಸೋಲಾಪುರದ ಕಡೆಯಿಂದ ಒಳನುಗ್ಗಿತು. ನಳದುರ್ಗ ಮೊದಲ ದಿನವೇ ವಶವಾಯಿತು. 14ರಂದು ವಿಮಾನಗಳು ದಾರಿಯ ಹೊಂಚುನೆಲೆಗಳ ಮೇಲೆ ದಾಳಿ ಮಾಡಿದ ಮೇಲೆ ಪಡೆ ರಾಜೇಶ್ವರವನ್ನು ಸೇರಿತು. 16ರಂದು ಪ್ಯಾರಿಸಿನಲ್ಲಿ ಭದ್ರತಾ ಸಮಿತಿ ಸಭೆ ಸೇರಿ, ದೂರನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಲು ಎಂಟು ಮತಗಳಿಂದ ಒಪ್ಪಿತು. ಅಷ್ಟರಲ್ಲಿ ಪಡೆ ಜಹೀರಾಬಾದಿನತ್ತ ಸಾಗಿತ್ತು. 17ರಂದು ಬೀದರಕ್ಕೆ ಸೈನ್ಯ ಬಂದಿತು. ಪ್ರಧಾನಿ ಲಾಯಕ್ ಅಲಿ ರಾಜೀನಾಮೆಯಿತ್ತರು. ಮರುದಿನ ನಿಜಾಮರ ಸೇನಾಪತಿ ಎಲ್ ಎದ್ರೂಸರು ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದರು. 22ರಂದು ನಿಜಾಮರು ತಂತಿ ಕಳುಹಿಸಿ ದೂರನ್ನು ಹಿಂತೆಗೆದುಕೊಂಡರು.

ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಕಾರ್ಯಾಚರಣೆಯ ವೇಳೆಯಲ್ಲೂ ಆಮೇಲೂ ಸಾವಿರಾರು ಮುಸಲ್ಮಾನರು ಹತರಾದರು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ವರದಿ ಮಾಡಿತು. ಗೋರಟಾದ ದುಃಖವನ್ನು ನೆನೆಯುವವರು ಈ ದುಃಖವನ್ನೂ ಮರೆಯಲಾಗದು. ಹತ್ತೊಂಬತ್ತನೆಯ ಶತಮಾನದ ಸಂತ ಮಾಣಿಕಪ್ರಭುಗಳ ಸಂಸ್ಥಾನ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿಯೇ ಇದೆ. ಹಿಂದೂ ಮುಸಲ್ಮಾನರಿಬ್ಬರೂ ಗೌರವಿಸುವ ಆ ನೆಲದ ಸುತ್ತಲೇ ಇಂತಹ ದಿನಗಳು ಬಂದುಹೋದವೆಂಬುದು ಮನಸ್ಸನ್ನು ಕಲಕುವ ಸಂಗತಿ.

ರಾಜ್ಯ ಅಳಿದರೂ ಅದರ ಲೆಕ್ಕ ಬೇಗನೆ ಮುಗಿಯಲಿಲ್ಲ. ಸೆಪ್ಟೆಂಬರ್ 20ರಂದು, ಅಂದರೆ ಶರಣಾಗತಿಯ ಎರಡು ದಿನಗಳ ತರುವಾಯ, ಲಂಡನಿನ ಬ್ಯಾಂಕಿನಲ್ಲಿದ್ದ ಹೈದರಾಬಾದಿನ ಸುಮಾರು ಹತ್ತು ಲಕ್ಷ ಪೌಂಡುಗಳು ಪಾಕಿಸ್ತಾನದ ಹೈಕಮಿಷನರರ ಖಾತೆಗೆ ವರ್ಗವಾದವು. ಆ ಹಣ ಬಡ್ಡಿಯೊಡನೆ ಮೂರೂವರೆ ಕೋಟಿ ಪೌಂಡುಗಳಷ್ಟಾಗಿ ಬೆಳೆದ ಮೇಲೆ, 2019ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಭಾರತ ಹಾಗೂ ನಿಜಾಮರ ವಾರಸುದಾರರ ಪರವಾಗಿ ತೀರ್ಪಿತ್ತಿತು. ಸ್ವತಃ ಬ್ರಿಟನ್ ಆಗ ಐರೋಪ್ಯ ಒಕ್ಕೂಟವನ್ನು ತೊರೆಯುವ ತೊಡಕಿನಲ್ಲಿತ್ತು. 2016ರಲ್ಲಿ ಜನಮತ ಪಡೆದು, ಗಡಿ, ಸುಂಕ, ನೆಲೆಸಿಗರ ಹಕ್ಕುಗಳನ್ನು ಕುರಿತು ವರ್ಷಗಟ್ಟಲೆ ಚರ್ಚಿಸಿ, 2020ರ ಜನವರಿ 31ರಂದು ಅದು ಹೊರಬಂದಿತು. ಕೂಡುವುದಾಗಲಿ ಅಗಲುವುದಾಗಲಿ, ಮಾತಿನಿಂದ ಬಗೆಹರಿದರೆ ತಡವಾದರೂ ಲೇಸು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯೂ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ. ಕಲ್ಯಾಣ, ಹುಮನಾಬಾದಗಳು ವಿಶಾಲ ಮೈಸೂರಿಗೆ. ಹೈದರಾಬಾದ್ ಕರ್ನಾಟಕವೆಂಬ ಹೆಸರು ಮಾತ್ರ ಬಹುಕಾಲ ಉಳಿದು, 2019ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು. ನಿಜಾಮರ ಜಹಗೀರಾಗಿದ್ದ ಊರು ಈಗ ಇಡೀ ಪ್ರಾಂತಕ್ಕೆ ತನ್ನ ಹೆಸರನ್ನಿತ್ತಿದೆ. ಕೋಟೆಯ ಬುರುಜನ್ನೇರಿ ನಿಂತ ಪ್ರವಾಸಿಗನು, ದಕ್ಷಿಣಕ್ಕೆ ಹೆದ್ದಾರಿ ಹಾಯುವ ಬಯಲನ್ನು ನೋಡುತ್ತ, ಇದನ್ನೆಲ್ಲ ಒಮ್ಮೆ ನೆನೆಯಬೇಕು.