ಆರು ಪಟ್ಟಿಯ ಜತಗಿ

ರೇಸಿನ ಕಾರಿನಲ್ಲಿ ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿಗಳ ಜೋಡಣೆಗೆ ಹಾರ್ನೆಸ್ ಎಂದು ಹೆಸರು. ಕುದುರೆಯ ಸಜ್ಜಿನಿಂದ ಬಂದ ಮಾತು ಅದು. ಕನ್ನಡದಲ್ಲಿ ಅದಕ್ಕೆ ನೆಲೆನಿಂತ ಶಬ್ದವಿಲ್ಲ. ಪರ್ವರಿಯ ಬಾಡಿಗೆ ಮನೆಯೊಂದರ ಪಡಸಾಲೆಯಲ್ಲಿ ಅಂಥದೊಂದು ಕಟ್ಟು ಬಿಚ್ಚಿಕೊಂಡಾಗ, ಧಾರವಾಡದಿಂದ ಬಂದಿದ್ದ ಮನೆಯ ಹಿರಿಯರು ಅದರ ಪಟ್ಟಿಯನ್ನು ಬೆರಳಿನಿಂದ ಉಜ್ಜಿ ನೋಡಿ, “ಇದೇನೋ ತಮ್ಮಾ, ಎತ್ತಿನ ಜತಗಿ ಇದ್ದಂಗ ಐತಲ್ಲ” ಎಂದರು. ನೊಗಕ್ಕೆ ಎತ್ತಿನ ಕೊರಳನ್ನು ಸೇರಿಸುವ ಪಟ್ಟಿಗೆ ಉತ್ತರ ಕರ್ನಾಟಕದ ಬಾಯಲ್ಲಿ ಜತಗಿ ಎಂಬ ಹೆಸರು. ಗ್ರಂಥದ ರೂಪ ಜತ್ತಿಗೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ, ಅದಕ್ಕೂ ಮೊದಲು ಚಕ್ಕಡಿ ಹೊಡೆದ ಕೈ ಅದು. ಪಾರಿಭಾಷಿಕ ಪದಕೋಶದ ಸಮಿತಿಗಳಿಗೆ ಹೊಳೆಯದ ಮಾತು ಅವರಿಗೆ ಒಂದು ಕ್ಷಣದಲ್ಲಿ ಹೊಳೆದಿತ್ತು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಜತಗಿ ಎಂದೇ ಬಳಕೆಯಾಯಿತು.

ಅದನ್ನು ತಂದವನು ಅವರ ಮಗ. ಪಣಜಿಯ ಕಚೇರಿಯೊಂದರಲ್ಲಿ ನೌಕರಿ, ಮಾಂಡವಿಯ ಈಚೆಯ ದಿಬ್ಬದ ಮೇಲಿನ ಪರ್ವರಿಯಲ್ಲಿ ಮನೆ, ಹೆಂಡತಿ, ನಾಲ್ಕು ವರ್ಷದ ಮಗಳು, ಹತ್ತು ವರ್ಷ ಹಳೆಯದಾದ ಒಂದು ಪೋಲೊ ಕಾರು. ವಿಧಾನಸಭೆಯ ಕಟ್ಟಡದ ಮಗ್ಗುಲಲ್ಲಿ ಹಾದು ಸೇತುವೆಗೆ ಇಳಿಯುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೇಲ್ಸೇತುವೆಯ ಕಾಮಗಾರಿ ಹಿಡಿದ ಮೇಲೆ ಆ ಕಾರು ಎರಡನೆಯ ಗೇರು ದಾಟುವುದೇ ಅಪರೂಪವಾಗಿತ್ತು. ವೇಗದ ಹಂಬಲವಿದ್ದವರಿಗೆ ದೇಶದಲ್ಲಿ ಯೋಗ್ಯವಾದ ದಾರಿಯೊಂದೇ: ಹಣ ತೆತ್ತು, ಶಿರಸ್ತ್ರಾಣ ಧರಿಸಿ, ರೇಸಿನ ಪಥದ ಮೇಲೆ ಸ್ವಂತ ಕಾರನ್ನು ಓಡಿಸುವ ಟ್ರ್ಯಾಕ್ ಡೇ. ಗೋವೆಯಿಂದ ಹೊರಟವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಉಂಟು, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಉಂಟು. ಈತ ಕರಿಯನ್ನು ಆರಿಸಿಕೊಂಡಿದ್ದ. ಚೆನ್ನೈನ ಸ್ಪರ್ಧಿಯೊಬ್ಬನಿಂದ ಆ ಆರು ಪಟ್ಟಿಯ ಜತಗಿಯನ್ನು ಅರ್ಧ ಬೆಲೆಗೆ ಕೊಂಡಿದ್ದ. ಹೆಗಲಿಗೆ ಎರಡು, ಸೊಂಟಕ್ಕೆ ಎರಡು, ತೊಡೆಗಳ ನಡುವಿನಿಂದ ಬರುವವು ಎರಡು. ಆರೂ ಹೊಟ್ಟೆಯ ಮೇಲಿನ ಒಂದು ತಿರುಗುಬಿಲ್ಲೆಯಲ್ಲಿ ಸೇರುತ್ತವೆ. ಬಿಲ್ಲೆಯನ್ನು ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಕಳಚಿಕೊಳ್ಳುತ್ತವೆ.

ಕೆಲಸಕ್ಕೆ ಒದಗಿದವನು ಗದಗಿನ ಕಡೆಯಿಂದ ಬಂದು ಪರ್ವರಿಯಲ್ಲಿ ಗ್ಯಾರೇಜು ಹಾಕಿದ್ದ ಮೇಸ್ತ್ರಿ. ಆತ ಕಾರಿನ ಒಳಗೆ ಇಣುಕಿ ನೋಡಿ ತೀರ್ಪು ಕೊಟ್ಟ: “ಹಿಂದಿನ ಸೀಟಿನ ಬೆಲ್ಟಿನ ಬೋಲ್ಟು ಅದಾವಲ್ಲರಿ ಸರ, ಅವಕ್ಕ ಕಟ್ಟಿಬಿಡೂಣು. ಕಂಪನೀದವರು ಹಾಕಿದ್ದು. ಕಾರು ಹರದರೂ ಬೋಲ್ಟು ಹರಿಯಾಂಗಿಲ್ಲ.” ಬೋಲ್ಟಿನ ಬಲದ ವಿಷಯದಲ್ಲಿ ಆತ ಹೇಳಿದ್ದು ಸರಿಯೇ. ಅಪಘಾತದ ಗಳಿಗೆಯಲ್ಲಿ ದೇಹದ ತೂಕ ಗುರುತ್ವದ 30 ಪಟ್ಟಿಗೆ ಏರಿತೆಂದರೆ 70 ಕಿಲೋ ತೂಗುವವನು ಎರಡು ಟನ್ ಮೀರಿದ ಭಾರವಾಗಿ ಪಟ್ಟಿಯನ್ನು ಜಗ್ಗುತ್ತಾನೆ. ಆ ಎಳೆತವನ್ನು ತಾಳಲೆಂದೇ ಆ ನೆಲೆಗಳನ್ನು ರೂಪಿಸಿರುತ್ತಾರೆ. ಆದರೆ ಬೋಲ್ಟು ತಾಳುವುದು ಬೇರೆ, ಬೆನ್ನುಹುರಿ ತಾಳುವುದು ಬೇರೆ. ಹೆಗಲ ಪಟ್ಟಿ ಹಿಂದಕ್ಕೆ ಹೋಗುವಾಗ ಕೆಳಕ್ಕೆ ಇಳಿದಷ್ಟೂ, ಡಿಕ್ಕಿಯ ಹೊತ್ತಿನಲ್ಲಿ ಅದು ಹೆಗಲನ್ನು ಹಿಂದಕ್ಕೆ ಹಿಡಿಯುವುದರ ಬದಲು ಕೆಳಕ್ಕೆ ಅದುಮುತ್ತದೆ. ಅದುಮಿದ ಭಾರವನ್ನೆಲ್ಲ ಬೆನ್ನೆಲುಬಿನ ಮಣಿಗಳು ಹೊರಬೇಕು. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎ ಈ ಇಳಿಜಾರಿಗೆ 45 ಡಿಗ್ರಿಯ ಮಿತಿ ಹಾಕಿದೆ, 10 ಡಿಗ್ರಿ ಮೀರದಿದ್ದರೆ ಒಳ್ಳೆಯದೆಂದು ಸೂಚಿಸಿದೆ. ನೆರೆಮನೆಯ ಹುಡುಗನ ಕಂಪಾಸಿನಿಂದ ಕೋನಮಾಪಕ ತಂದು, ದಾರಕ್ಕೆ ನಟ್ಟು ಕಟ್ಟಿ ತೂಗುಬಿಟ್ಟು ಅಳೆದಾಗ ಸಿಕ್ಕಿದ್ದು 40ರ ಆಸುಪಾಸು.

“ಪಾಸ್ ಆತಲ್ಲರಿ,” ಎಂದ ಮೇಸ್ತ್ರಿ.

ತರುಣ ನಗಲಿಲ್ಲ. ಆ ಬೋಲ್ಟುಗಳು ಮಗಳ ಬೋಲ್ಟುಗಳು ಎಂಬುದು ಅವನಿಗೆ ಅಷ್ಟರಲ್ಲಿ ಹೊಳೆದಿತ್ತು. ಹಿಂದಿನ ಆಸನದಲ್ಲಿ ಅವಳ ಪುಟ್ಟ ಕುರ್ಚಿಯನ್ನು ಹಿಡಿದಿದ್ದ ಬೆಲ್ಟು ನೆಲೆನಿಂತದ್ದು ಅಲ್ಲಿಯೇ. 2019ರ ತಿದ್ದುಪಡಿಯ ತರುವಾಯ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು 14 ವರ್ಷದೊಳಗಿನ ಮಗುವನ್ನು ಬೆಲ್ಟಿಲ್ಲದೆ ಒಯ್ದರೆ 1000 ರೂಪಾಯಿ ದಂಡ ವಿಧಿಸುತ್ತದೆ. ದಂಡದ ಮಾತು ಹಾಗಿರಲಿ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿಯ ಸೇತುವೆಯಲ್ಲಿ ಸೈರಸ್ ಮಿಸ್ತ್ರಿಯವರು ತೀರಿಕೊಂಡ ವಾರ್ತೆ ಬಂದ ಸಂಜೆಯೇ ಈ ಮನೆಯಲ್ಲಿ ಹಿಂದೆ ಕೂತವರಿಗೂ ಬೆಲ್ಟು ಕಡ್ಡಾಯವಾಗಿತ್ತು. ಅವರು ಕೂತಿದ್ದು ಹಿಂದಿನ ಆಸನದಲ್ಲಿ, ಬೆಲ್ಟಿಲ್ಲದೆ.

ಹಾಗಾದರೆ ಮುಂದಿನ ಆಸನಗಳ ಹಿಂದೆ, ನಡುವಿನ ಎರಡು ಕಂಬಗಳಿಗೆ, ಹೆಗಲಿನ ಮಟ್ಟಕ್ಕೆ, ಒಂದು ಅಡ್ಡಸರಳು ಹಾಕಿ ಅದಕ್ಕೆ ಪಟ್ಟಿ ಸುತ್ತಬಹುದು. ಕೋನ ಸರಿಯಾಗುತ್ತದೆ. ಆದರೆ ತೊಡೆಗಳ ನಡುವಿನ ಪಟ್ಟಿಗಳು ಹೊರಬರಲು ಕಂಪನಿಯ ಆಸನದಲ್ಲಿ ತೂತು ಇಲ್ಲ. ಆ ಎರಡನ್ನು ಕೈಬಿಟ್ಟರೆ ಹೆಗಲ ಪಟ್ಟಿಗಳ ಎಳೆತಕ್ಕೆ ಸೊಂಟಪಟ್ಟಿ ಮೇಲೇರಿ ಮೆತ್ತಗಿನ ಹೊಟ್ಟೆಯ ಮೇಲೆ ಕೂರುತ್ತದೆ, ದೇಹ ಅದರಡಿಯಿಂದ ಮುಂದಕ್ಕೆ ಜಾರುತ್ತದೆ. ಆಸನವನ್ನೇ ಬದಲಿಸಿ, ಹಿಂದಕ್ಕೆ ವಾಲದ ರೇಸಿನ ಆಸನ ಹಾಕಬೇಕು. ಆಗ ಇನ್ನೊಂದು ತೊಡಕು ಎದುರಾಗುತ್ತದೆ: ಕಾರು ಮಗುಚಿದರೆ ಮೂರು ನೆಲೆಯ ಸಾದಾ ಬೆಲ್ಟಿನವನು ಪಕ್ಕಕ್ಕೆ ವಾಲಿ ಕುಗ್ಗಬಲ್ಲ. ಜತಗಿ ಕಟ್ಟಿಕೊಂಡವನು ನೆಟ್ಟಗೆ ಕೂತೇ ಇರುತ್ತಾನೆ, ಕುಸಿಯುವ ಛಾವಣಿ ಅವನ ತಲೆಯ ಮೇಲೆಯೇ ಬರುತ್ತದೆ. ಆದ್ದರಿಂದ ಛಾವಣಿಗೆ ಆಧಾರವಾಗಿ ಉಕ್ಕಿನ ಕೊಳವೆಗಳ ಪಂಜರ ಬೇಕು.

ಕುತ್ತಿಗೆಯ ಮಾತು ಇನ್ನೂ ಉಳಿದಿದೆ. ಎದೆಯನ್ನು ಅಲುಗದಂತೆ ಹಿಡಿದ ಮೇಲೆ ಮುಂದಕ್ಕೆ ಹಾರಲು ಉಳಿಯುವುದು ಶಿರಸ್ತ್ರಾಣದ ಭಾರವನ್ನೂ ಹೊತ್ತ ತಲೆಯೊಂದೇ. 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾದಲ್ಲಿ, ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ, ಡೇಲ್ ಅರ್ನ್‌ಹಾರ್ಟ್ ಎಂಬ ಹೆಸರಾಂತ ಚಾಲಕ ಗೋಡೆಗೆ ಬಡಿದು, ತಲೆಬುರುಡೆಯ ಬುಡ ಮುರಿದು ಸತ್ತ. ಅವನ ಸೊಂಟಪಟ್ಟಿಗಳಲ್ಲೊಂದು ತುಂಡಾಗಿತ್ತು. ಪಟ್ಟಿಯ ದೋಷವೋ ಅದನ್ನು ಕೂರಿಸಿದ ರೀತಿಯ ದೋಷವೋ ಎಂಬ ವಾದ ಬಹುಕಾಲ ನಡೆಯಿತು. ತಲೆಯನ್ನು ಹೆಗಲಿಗೆ ಬಿಗಿದು ಕುತ್ತಿಗೆಯನ್ನು ಕಾಯುವ ಹ್ಯಾನ್ಸ್ ಎಂಬ ಸಾಧನ ಅವತ್ತಿಗೆ ಹೊಸದೇನಲ್ಲ. ಮಿಷಿಗನ್ನಿನ ಪ್ರಾಧ್ಯಾಪಕ ರಾಬರ್ಟ್ ಹಬಾರ್ಡ್ ಮತ್ತು ಆತನ ಭಾವಮೈದುನ, ರೇಸ್ ಚಾಲಕ ಜಿಮ್ ಡೌನಿಂಗ್ 1980ರ ದಶಕದಲ್ಲಿಯೇ ಅದನ್ನು ರೂಪಿಸಿದ್ದರು. ಬಹಳ ಮಂದಿ ಚಾಲಕರು ಅದು ತೊಡಕೆಂದು ಧರಿಸುತ್ತಿರಲಿಲ್ಲ, ಅಷ್ಟೇ. ಆ ವರ್ಷದ ಕೊನೆಯೊಳಗೆ ಅಮೆರಿಕದ ಆ ಸ್ಪರ್ಧೆಗಳಲ್ಲೂ, 2003ರಲ್ಲಿ ಫಾರ್ಮುಲಾ ಒಂದರಲ್ಲೂ ಕುತ್ತಿಗೆಯ ಕಾವಲು ಕಡ್ಡಾಯವಾಯಿತು.

ಅಂತೂ ಅರ್ಧ ಬೆಲೆಗೆ ಬಂದ ಪಟ್ಟಿಯೊಂದು ಆಸನವನ್ನು, ಪಂಜರವನ್ನು, ಕುತ್ತಿಗೆಯ ಸಾಧನವನ್ನು ತನ್ನ ಹಿಂದೆಯೇ ಕರೆದುಕೊಂಡು ಬಂತು. ತರುಣ ಎಲ್ಲದರ ಬೆಲೆಯನ್ನು ಕೂಡಿಸಿ, ಪಂಜರದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ. ಹೆಂಡತಿ ಹಣದ ವಿಷಯ ಎತ್ತಲಿಲ್ಲ. ನಕ್ಷೆಯಲ್ಲಿ ಹಿಂದಿನ ಬಾಗಿಲ ಬಳಿ ಬಾಗಿದ ಕೊಳವೆಯ ಮೇಲೆ ಬೆರಳಿಟ್ಟು, “ಅಲ್ಲರಿ, ಕೂಸಿನ ತಲಿ ಎಲ್ಲಿಗೆ ಬರತೈತಿ?” ಎಂದು ಕೇಳಿದಳು.

ಅವನು ಅಳೆದ. ಒಂದು ಗೇಣು.

ಶಿರಸ್ತ್ರಾಣ ತೊಟ್ಟವನನ್ನು ಕಾಯುವ ಕೊಳವೆ ಬರಿದಲೆಗೆ ಸುತ್ತಿಗೆಯಾಗುತ್ತದೆ. ಪಕ್ಕದಿಂದ ಲಾರಿಯೊಂದು ಸಣ್ಣಗೆ ತಾಗಿದರೂ ಸಾಕು. ರಾಲಿಯ ಕಾರುಗಳು ಪಂಜರ ಹೊತ್ತೇ ಸಾರ್ವಜನಿಕ ರಸ್ತೆಗಳಲ್ಲಿ ಓಡಾಡುವುದಿಲ್ಲವೇ ಎಂದು ಅವನು ಒಂದು ವಾರ ತನ್ನೊಡನೆಯೇ ವಾದಿಸಿದ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರಾಷ್ಟ್ರೀಯ ರಾಲಿ ನಡೆದಾಗ ಅವನು ಕಣ್ಣಾರೆ ಕಂಡಿದ್ದ. ಕಾಸರಗೋಡಿನ ಮೂಸಾ ಶರೀಫರಂಥವರು ಹಲವು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದದ್ದು ಅಂಥ ಪಂಜರಗಳ ಎಡಬದಿಯಲ್ಲಿ ಸಹಚಾಲಕರಾಗಿ ಕೂತು. ಆದರೆ ಆ ಕಾರುಗಳಲ್ಲಿ ಹಿಂದಿನ ಆಸನವೇ ಇಲ್ಲ. ಶಾಲೆಗೆ ಮಗುವನ್ನು ಬಿಡಲು ಅವು ಹೋಗುವುದಿಲ್ಲ. ಕಾನೂನೂ ಅನುಕೂಲವಾಗಿರಲಿಲ್ಲ: ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಕಾಯ್ದೆಯ 52ನೆಯ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿದಿದೆ.

ಮೂರು ನೆಲೆಯ ಸಾದಾ ಬೆಲ್ಟನ್ನು ನಿಕೃಷ್ಟವಾಗಿ ಕಾಣುವ ಚಾಳಿ ವೇಗಪ್ರಿಯರಲ್ಲಿ ಉಂಟು. ಅದು ಅನ್ಯಾಯ. 1959ರಲ್ಲಿ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ಅದನ್ನು ರೂಪಿಸಿದಾಗ ಅವನ ಗುರಿಯಾಗಿದ್ದುದು ಸಾಧಾರಣ ಮನುಷ್ಯ ಒಂದೇ ಕೈಯಿಂದ, ಯೋಚಿಸದೆ, ಹಾಕಿಕೊಳ್ಳಬಹುದಾದ ಬೆಲ್ಟು. ಸಂಸ್ಥೆ ಅದರ ಹಕ್ಕುಸ್ವಾಮ್ಯವನ್ನು ಉಳಿದ ತಯಾರಕರಿಗೂ ತೆರೆದಿಟ್ಟಿತು. ಇಂದಿನ ಕಾರಿನಲ್ಲಿ ಆ ಬೆಲ್ಟು ಒಂಟಿಯಲ್ಲ. ಡಿಕ್ಕಿಯಾದ ಕ್ಷಣ ಅದು ತಾನೇ ಬಿಗಿದುಕೊಳ್ಳುತ್ತದೆ, ಎಳೆತ ಮಿತಿಮೀರಿದರೆ ಪಕ್ಕೆಲುಬು ಮುರಿಯದಂತೆ ಕೊಂಚ ಸಡಿಲ ಬಿಡುತ್ತದೆ, ಮುಂದೆ ಬಾಗುವ ದೇಹಕ್ಕೆ ಸರಿಯಾದ ಹೊತ್ತಿಗೆ ಗಾಳಿಚೀಲ ಎದುರಾಗುತ್ತದೆ. ಆಸನ, ಬೆಲ್ಟು, ಚೀಲ ಈ ಮೂರಕ್ಕೂ ಒಂದು ತಾಳವಿದೆ. ಅದರಲ್ಲಿ ಒಂದನ್ನು ಕಿತ್ತು ರೇಸಿನದನ್ನು ತಂದಿಟ್ಟರೆ ತಾಳ ತಪ್ಪುತ್ತದೆ.

ಪೋಲೊ ಹೇಗಿತ್ತೋ ಹಾಗೆಯೇ ಕೊಯಮತ್ತೂರಿಗೆ ಹೋಯಿತು. ಕರಿ ಪಥ ಸುಮಾರು ಎರಡು ಕಿಲೋಮೀಟರಿನದು. ಭಾರತದಲ್ಲಿ ಅಗ್ಗದ ರೇಸ್ ಕಾರುಗಳನ್ನು ಕಟ್ಟಿ ತರುಣರಿಗೆ ಹಾದಿ ಮಾಡಿಕೊಟ್ಟ, 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಅಲ್ಲಿಯ ಹಳಬರು ಅವನಿಗೆ ಒಂದು ಉಪಾಯ ಹೇಳಿಕೊಟ್ಟರು: ಆಸನವನ್ನು ಒಂದೆರಡು ಹಲ್ಲು ಹಿಂದಕ್ಕೆ ಸರಿಸಿ ಬೆಲ್ಟು ಹಾಕಿ, ಅದನ್ನು ಜೋರಾಗಿ ಜಗ್ಗಿ ಸಿಕ್ಕಿಸಿ, ಸಿಕ್ಕಿದ್ದಂತೆಯೇ ಆಸನವನ್ನು ಮುಂದಕ್ಕೆ ತರಬೇಕು. ಸೊಂಟ ಬಿಗಿಯುತ್ತದೆ. ಅಷ್ಟಾದರೂ ಎಡ ತಿರುವುಗಳಲ್ಲಿ ಮೈ ಬಲಕ್ಕೆ ಜಾರಿ, ಬಾಗಿಲಿಗೆ ಒತ್ತಿದ ಮೊಣಕಾಲು ಸಂಜೆಯ ಹೊತ್ತಿಗೆ ನೀಲಿಗಟ್ಟಿತು. ಜತಗಿಯಿದ್ದರೆ ಹೀಗಾಗುತ್ತಿರಲಿಲ್ಲ; ಸ್ಟೀರಿಂಗನ್ನು ಹಿಡಿದು ನೇತಾಡುವ ಬದಲು ತಿರುಗಿಸಬಹುದಿತ್ತು. ಅದರ ಪರವಾಗಿ ಮಾತಾಡುವವರು ಸುಳ್ಳು ಹೇಳುವುದಿಲ್ಲ.

ಜತಗಿ ಕೊನೆಗೆ ಮಾಪುಸಾದ ಗೆಳೆಯನ ಹಳೆಯ ಎಸ್ಟೀಮಿಗೆ ಹೋಯಿತು. ಹಿಂದಿನ ಆಸನ ಕಿತ್ತು, ಪಂಜರ ಬೆಸೆದು, ರಸ್ತೆಗಿಳಿಯದೆ ಲಾರಿಯ ಮೇಲೆಯೇ ಓಡಾಡುವ ಕಾರು ಅದು. ಕೂರಿಸಿದವನು ಅದೇ ಗದಗಿನ ಮೇಸ್ತ್ರಿ. ಸೊಂಟದ ಪಟ್ಟಿಗಳು ಆಸನದ ಅಂಚಿನ ಮೇಲೆ ಹಾಯದೆ ಅದರ ಪಕ್ಕದ ತೂತುಗಳೊಳಗಿಂದಲೇ ಬರಬೇಕು, ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು ಎಂಬುದನ್ನು ಆತ ಈಗ ತಾನೇ ಹೇಳುತ್ತಿದ್ದ. ನೆಲದ ತಗಡಿಗೆ ತೂತು ಹಾಕಿದ ಕಡೆಯೆಲ್ಲ ಅಡಿಯಲ್ಲಿ 3 ಮಿಲಿಮೀಟರ್ ದಪ್ಪದ ಉಕ್ಕಿನ ಫಲಕವಿಟ್ಟ. ಬರೀ ವಾಷರು ಇಟ್ಟರೆ ಬೋಲ್ಟು ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಹೆಗಲ ಪಟ್ಟಿಗಳನ್ನು ಪಂಜರದ ಅಡ್ಡಕೊಳವೆಗೆ ಸುತ್ತಿ, ತುದಿಯನ್ನು ಮೂರು ಅಡ್ಡಿಯ ಕೊಂಡಿಯಲ್ಲಿ ಹೊಕ್ಕಿಸಿ, ಮತ್ತೆ ಹಿಂದಕ್ಕೆ ಮಡಚಿ ಹೊಕ್ಕಿಸಿದ. ಆ ಎರಡನೆಯ ಮಡಿಕೆ ಇಲ್ಲದಿದ್ದರೆ ಪಟ್ಟಿ ಭಾರಕ್ಕೆ ಜಾರುತ್ತದೆ. ಕೋನಮಾಪಕ 8 ಡಿಗ್ರಿ ತೋರಿಸಿತು.

ಪಟ್ಟಿಯ ಮೇಲೆ ಹೊಲಿದ ಎಫ್‌ಐಎ ಚೀಟಿಯಲ್ಲಿ ಅದರ ಆಯುಷ್ಯದ ಕೊನೆಯ ವರ್ಷ ಅಚ್ಚಾಗಿತ್ತು. ಬಿಸಿಲಿಗೆ, ಬೆವರಿಗೆ ನೂಲು ಸೋಲುತ್ತದೆ. ಇನ್ನು ಎರಡು ವರ್ಷ ಬಾಕಿಯಿತ್ತು. ಮೇಸ್ತ್ರಿ ಆ ಇಸವಿಯನ್ನು ಸೀಮೆಸುಣ್ಣದಲ್ಲಿ ಗ್ಯಾರೇಜಿನ ಗೋಡೆಯ ಮೇಲೆ, ಬ್ಯಾಟರಿ ಮಾರುವವನ ದೂರವಾಣಿ ಸಂಖ್ಯೆಯ ಕೆಳಗೆ, ಬರೆದುಕೊಂಡ.