ಕುದುರೆಯ ಕಾಲು, ಸವಾರನ ಗುರಿ

ಗೆದ್ದ ಕುದುರೆಯ ಮೇಲೆ ಗುಲಾಲು ಹಾರುತ್ತಿತ್ತು. ಕುದುರೆ ಮಾತ್ರ ಮುಂಗಾಲು ಊರಲಾರದೆ ನಿಂತಿತ್ತು. ಜಮಖಂಡಿ ಸೀಮೆಯ ಒಂದು ಜಾತ್ರೆಯಲ್ಲಿ ಅದನ್ನು ಕಂಡಾಗ ಬಂದ ಸಿಟ್ಟೇ ಈ ಬರಹಕ್ಕೆ ಕಾರಣ. ಬೆಂಗಳೂರಿನಿಂದ ರಾತ್ರಿ ರೈಲು, ಜಮಖಂಡಿಯಲ್ಲಿ ಪಟವರ್ಧನರ ಅರಮನೆ, ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಹಾಕಿ, ಬೆವರು ಸುರಿಸಿ 1989ರಲ್ಲಿ ಕಟ್ಟಿಕೊಂಡ ಬ್ಯಾರೇಜು, ಎಲ್ಲವನ್ನೂ ನೋಡಿದೆ. ಮನಸ್ಸಿನಲ್ಲಿ ಉಳಿದದ್ದು ಆ ಕಾಲು.

ಓಟದ ಉದ್ದಕ್ಕೂ ಕುದುರೆಗಳ ಬೆನ್ನಿಗೆ ಬೈಕುಗಳ ಹಿಂಡು. ಬಿಡದೆ ಹಾರ್ನು, ಕೇಕೆ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೊಬೈಲು. ಕಬ್ಬಿನ ಟ್ರ್ಯಾಕ್ಟರು ಓಡಾಡಿ ಕಿತ್ತುಹೋದ ಡಾಂಬರು ರಸ್ತೆ. ಕುದುರೆ ಹುರುಪಿನಿಂದ ಓಡುತ್ತಿದೆಯೋ ಹೆದರಿ ಓಡುತ್ತಿದೆಯೋ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಚಹಾದಂಗಡಿಯಲ್ಲಿ ನನ್ನ ಬೇಸರ ಕೇಳಿಸಿಕೊಂಡ ಯುವಕನೊಬ್ಬ ಹತ್ತಿರ ಬಂದ. "ಸರ, ನೀವು ನೋಡಿದ್ದು ಬರೇ ಓಟ. ತಯಾರಿ ಹೆಂಗ ಮಾಡತಾರ ನೋಡಬೇಕಂದ್ರ ನಾಳೆ ಮುಂಜಾನೆ ಸಾವಳಗಿಗೆ ಬರ್ರಿ" ಎಂದ.

ಸಾವಳಗಿ ತಲುಪಿದಾಗ ಇನ್ನೂ ಮಬ್ಬುಗತ್ತಲೆ. ಕಬ್ಬಿನ ಹೊಲದ ಬದಿಯ ಮಣ್ಣಿನ ದಾರಿಯಲ್ಲಿ ಆತ ತನ್ನ ಕೆಂಪು ಹೆಣ್ಣುಕುದುರೆಯನ್ನು ನಡೆಸಿಕೊಂಡು ಬರುತ್ತಿದ್ದ. ಓಟವಿಲ್ಲ, ಜೀನೂ ಇಲ್ಲ, ಬರೀ ನಡಿಗೆ. ಹಟ್ಟಿಗೆ ಬಂದ ಮೇಲೆ ನಾಲ್ಕೂ ಗೊರಸು ಎತ್ತಿ ಕಲ್ಲು ಕೆದರಿದ, ಲಾಳ ಸಡಿಲವಾಗಿದೆಯೇ ಎಂದು ತಟ್ಟಿ ನೋಡಿದ, ಮೊಣಕಾಲಿನ ಕೆಳಗೆ ಅಂಗೈ ಸವರಿ ಬಿಸಿ ಇದೆಯೇ ಎಂದು ಪರೀಕ್ಷಿಸಿದ. ಆಮೇಲೆ ಗೋಡೆಯ ಗೂಡಿನಿಂದ ಒಂದು ನೋಟ್‌ಬುಕ್ಕು ತೆಗೆದ.

ಅದರಲ್ಲಿ ಇಡೀ ಹಂಗಾಮಿನ ಲೆಕ್ಕವಿತ್ತು, ಹಬ್ಬಗಳ ಹೆಸರಿನಲ್ಲಿ. ದಸರೆಯಿಂದ ದೀಪಾವಳಿವರೆಗೆ ನಡಿಗೆ. ದೀಪಾವಳಿಯಿಂದ ಸಂಕ್ರಾಂತಿವರೆಗೆ ನಿಧಾನದ ಓಟ, ಮೆತ್ತನೆಯ ನೆಲದಲ್ಲಿ ಮಾತ್ರ. ಸಂಕ್ರಾಂತಿಯ ನಂತರ ವಾರಕ್ಕೆ ಎರಡು ಸಲ ನಾಗಾಲೋಟ, ಮರುದಿನ ವಿಶ್ರಾಂತಿ. ಶರ್ಯತ್ತು ಯುಗಾದಿಯ ಆಚೆಗೆ.

"ಇಷ್ಟು ನಿಧಾನ ಯಾಕೆ?" ಎಂದೆ.

"ದಮ್ಮು ಎರಡ ತಿಂಗಳದಾಗ ಬರತೈತ್ರಿ. ಕಾಲಿನ ನರ ಗಟ್ಟಿ ಆಗಾಕ ವರ್ಷ ಬೇಕು. ಹಿಂದಿನ ಕುದುರಿ ದಮ್ಮು ನೋಡಿ ಓಡಿಸಿದ್ನಿ. ಕಾಲು ಹೋತು."

ಆ ಮಾತಿನಲ್ಲಿ ಪಶುವೈದ್ಯರ ಪಾಠವೇ ಇದೆ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲವೆನ್ನಬೇಕು. ಇರುವುದು ಮೂಳೆ ಮತ್ತು ಸ್ನಾಯುರಜ್ಜು. ರಜ್ಜುವಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಅದು ಬಲಿಯುವುದೂ ನಿಧಾನ, ಹರಿದರೆ ಕೂಡುವುದೂ ನಿಧಾನ. ಹೃದಯ ಮತ್ತು ಮಾಂಸಖಂಡ ಬೇಗ ಸಜ್ಜಾಗಿ ಓಡಲು ಹಾತೊರೆಯುವಾಗ ಕಾಲು ಇನ್ನೂ ತಯಾರಿರುವುದಿಲ್ಲ. ಅವಸರದ ಸವಾರ ಕುದುರೆಯನ್ನು ಕಳೆದುಕೊಳ್ಳುವುದು ಈ ಅಂತರದಲ್ಲೇ.

ಪುಟದ ಕೊನೆಯಲ್ಲಿ ಅವನ ಗುರಿಗಳಿದ್ದವು, ಮೂರೇ. ಬಾರಕೋಲು ಮುಟ್ಟದೆ ಓಟ ಮುಗಿಸಬೇಕು. ಮುಗಿಸಿದ ಸ್ವಲ್ಪ ಹೊತ್ತಿನಲ್ಲೇ ಕುದುರೆಯ ಉಸಿರು ತಣಿಯಬೇಕು. ಮರುದಿನ ಅದು ಕುಂಟದೆ ನಡೆಯಬೇಕು. "ನಂಬರ್ ಬಂದ್ರ ಬರ್ಲಿ, ಇಲ್ಲಾಂದ್ರ ಮುಂದಿನ ಜಾತ್ರಿ ಐತಲ್ರಿ" ಎಂದ.

ಕ್ರೀಡಾಲೋಕ ಒಪ್ಪಿಕೊಂಡ ಕ್ರಮವೂ ಇದೇ. 160 ಕಿಲೋಮೀಟರ್‌ವರೆಗೂ ಸಾಗುವ ಅಂತರರಾಷ್ಟ್ರೀಯ ಎಂಡ್ಯೂರೆನ್ಸ್ ಸವಾರಿಯಲ್ಲಿ ಪ್ರತಿ ಹಂತದ ಕೊನೆಗೂ ಪಶುವೈದ್ಯರು ಕುದುರೆಯನ್ನು ನೋಡುತ್ತಾರೆ. ನಿಗದಿತ ಸಮಯದೊಳಗೆ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ, ಕುದುರೆ ಕುಂಟಿದರೆ, ಮೊದಲು ಬಂದವನೂ ಹೊರಗೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯ ಈವೆಂಟಿಂಗ್ ಸ್ಪರ್ಧೆಯಲ್ಲಿ 23ನೆಯವರಾದರು. ಆ ಮೂರು ಹಂತದ ಈವೆಂಟಿಂಗ್‌ನಲ್ಲೂ ಕೊನೆಯ ಹಂತವಾದ ಜಿಗಿತಕ್ಕೆ ಮುನ್ನ ಕುದುರೆಯ ನಡಿಗೆಯನ್ನು ಪರೀಕ್ಷಿಸಲಾಗುತ್ತದೆ. ಸಾವಳಗಿಯ ಸವಾರ ಈ ನಿಯಮಗಳನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ಒಂದು ಕುದುರೆಯ ನೋವಿನಿಂದ ಕಲಿತಿದ್ದಾನೆ.

ಊಟಕ್ಕೆ ಕರೆದರು. ಆದರೆ ಮೊದಲ ಪಾಲು ಕುದುರೆಗೆ: ಕಣಕಿ, ನೆನೆಸಿದ ಹುರಳಿ ಒಂದಿಷ್ಟು, ಚಿಟಿಕೆ ಉಪ್ಪು. "ಒಮ್ಮೆಲೆ ಜಾಸ್ತಿ ಹಾಕಬಾರದ್ರೀ ಯಪ್ಪಾ, ಹೊಟ್ಟಿ ಹಿಡೀತೈತಿ" ಎಂದರು ಅವನ ತಾಯಿ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ಅದಕ್ಕೆ ವಾಂತಿ ಮಾಡಲೂ ಬಾರದು. ಓಟದ ಮುನ್ನಾದಿನ ಬಲ ಬರಲೆಂದು ರಾಶಿ ಕಾಳು ತಿನ್ನಿಸಿದರೆ ಹೊಟ್ಟೆಶೂಲೆಯಿಂದ ಪ್ರಾಣವೇ ಹೋಗಬಹುದು. ನಮ್ಮ ಪಾಲಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಅಂಥ ರುಚಿಯ ಊಟವನ್ನು ನಾನು ಯಾವ ಹೋಟೆಲಿನಲ್ಲೂ ಉಂಡಿಲ್ಲ.

ಈ ನೆಲಕ್ಕೂ ಕುದುರೆಗೂ ಹಳೆಯ ನಂಟು. ಇಲ್ಲಿಂದ ಉತ್ತರಕ್ಕಿರುವ ಭೀಮೆಯ ದಂಡೆಯ ಗಿಡ್ಡ, ಗಟ್ಟಿ ಕುದುರೆಗಳು ಮರಾಠರ ದಂಡನ್ನು ಹೊತ್ತು ಓಡಾಡಿದವು. ಆ ಭೀಮಥಡಿ ಕುದುರೆಗೆ ಈಗ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದೆ. ತಳಿಗೆ ಸಿಕ್ಕ ಗೌರವ ಜಾತ್ರೆಯ ರಸ್ತೆಯಲ್ಲಿ ಓಡುವ ಕುದುರೆಗೂ ಸಿಗಬೇಕು. ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಅದರಲ್ಲಿ ಕುದುರೆಯ ಹೆಸರಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕುದುರೆಗೆ ಪೂರ್ತಿ ಅನ್ವಯವಾಗುತ್ತದೆ ಎಂಬುದನ್ನು ಶರ್ಯತ್ತು ನಡೆಸುವವರು ನೆನಪಿಡಬೇಕು.

ಗುರಿ ಇಟ್ಟುಕೊಳ್ಳುವವನು ಸವಾರ, ಅದನ್ನು ಹೊರುವುದು ಕುದುರೆ. ಹಾಗಾಗಿ ಯೋಜನೆಯನ್ನು ಕುದುರೆಯ ಕಾಲಿನಿಂದಲೇ ಶುರುಮಾಡಬೇಕು. ಜಾತ್ರೆ ಕಮಿಟಿಯ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಓಟದ ದಾರಿಗೆ ಬೈಕು ಬಿಡಬೇಡಿ, ಗೆರೆಯ ಬಳಿ ಒಬ್ಬ ಪಶುವೈದ್ಯರನ್ನು ನಿಲ್ಲಿಸಿ, ಕುಂಟುವ ಕುದುರೆಗೆ ಬಹುಮಾನ ಕೊಡಬೇಡಿ. ಮುಂದಿನ ವರ್ಷ ಕಣಕ್ಕಿಳಿಯುವ ಸವಾರರೇ, ಈ ದಸರೆಗೇ ನಡಿಗೆ ಶುರುಮಾಡಿ.