ಹಲವು ಒಡೆತನಗಳನ್ನು ಕಂಡ ಮರ್ಫಿ ಟೌನ್

ಒಂದು ಜಿಲ್ಲೆಯ ಆಡಳಿತದ ಚರಿತ್ರೆಯನ್ನು ತಿಳಿಯಬಯಸುವವರು ಸಾಮಾನ್ಯವಾಗಿ ಕಚೇರಿಯ ಕಡತಗಳನ್ನು ಹುಡುಕುವರು. ಇಲ್ಲವೆ ಕೋಟೆ ಕೊತ್ತಲಗಳನ್ನು ಅರಸಿ ಹೊರಡುವರು. ಬೆಂಗಳೂರು ಜಿಲ್ಲೆಯ ಮಟ್ಟಿಗೆ ಅಷ್ಟು ಶ್ರಮ ಬೇಕಾಗಿಲ್ಲ. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಹುದುಗಿಕೊಂಡಿರುವ ಮರ್ಫಿ ಟೌನ್ ಎಂಬ ಪುಟ್ಟ ಬಡಾವಣೆಯೊಂದನ್ನು ಚೆನ್ನಾಗಿ ಅರಿತರೆ ಸಾಕು. ಅಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ; ಪ್ರವಾಸಿಗಳು ನಿಂತು ನೋಡುವಂಥ ಶಿಲ್ಪವಿಲ್ಲ. ಇರುವುದು ದುಡಿಯುವ ಜನರ ಮನೆಗಳು. ಆದರೆ ಆ ಮನೆಗಳಲ್ಲಿ ಹುಟ್ಟಿದ ಅಜ್ಜನೊಬ್ಬನು ಬ್ರಿಟಿಷ್ ರೆಸಿಡೆಂಟನ ಆಳ್ವಿಕೆಯಲ್ಲಿ ಕಣ್ಣು ತೆರೆದಿದ್ದರೆ, ಅವನ ಮಗನು ಮೈಸೂರು ರಾಜ್ಯದಲ್ಲಿ ಶಾಲೆಗೆ ಹೋದನು; ಮೊಮ್ಮಗನು ಕರ್ನಾಟಕದಲ್ಲಿ ಮತದಾರನಾದನು. ಮೂವರೂ ಬಾಳಿದ್ದು ಒಂದೇ ಬೀದಿಯಲ್ಲಿ! ಮನೆ ಇದ್ದಲ್ಲಿಯೇ ಇದ್ದು, ಅದರ ಸುತ್ತಣ ರಾಜ್ಯವೇ ಬದಲಾಗುತ್ತ ಹೋದ ಸೋಜಿಗ ಇದು.

ನೆಲದ ಲಕ್ಷಣ

ಸಮುದ್ರ ಮಟ್ಟಕ್ಕಿಂತ ಸುಮಾರು ೯೦೦ ಮೀಟರುಗಳಷ್ಟು ಎತ್ತರದಲ್ಲಿರುವ ಬೆಂಗಳೂರಿನ ಭೂಮಿ ಸಮತಟ್ಟಾದುದಲ್ಲ. ದಿಣ್ಣೆ ತಗ್ಗುಗಳ ಈ ಪ್ರಸ್ಥಭೂಮಿಯಲ್ಲಿ ಹಿಂದಿನವರು ಪ್ರತಿಯೊಂದು ತಗ್ಗಿಗೂ ಏರಿ ಕಟ್ಟಿ ಮಳೆಯ ನೀರನ್ನು ತಡೆದು ನಿಲ್ಲಿಸಿದರು. ಅಂಥ ಕೆರೆಗಳಲ್ಲಿ ಹಲಸೂರಿನದು ಪ್ರಸಿದ್ಧವಾದುದು. ಹಲಸಿನ ತೋಪುಗಳಿದ್ದುದರಿಂದ ಊರಿಗೆ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ದಂಡು ಬರುವುದಕ್ಕೆ ಎಷ್ಟೋ ಮುಂಚೆಯೇ ಅಲ್ಲಿ ಸೋಮೇಶ್ವರನ ಗುಡಿಯಿತ್ತು, ಬೇಸಾಯವಿತ್ತು, ಸಂತೆಯಿತ್ತು. ಹಲಸೂರಿನಿಂದ ಪೂರ್ವಕ್ಕೆ ಹೊರಡುವ ಹಳೆ ಮದರಾಸು ರಸ್ತೆಯು ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ದಾಟಿ ತಮಿಳು ನಾಡಿನ ದಾರಿ ಹಿಡಿಯುತ್ತದೆ. ಮರ್ಫಿ ಟೌನು ಈ ಕೆರೆ ಮತ್ತು ಈ ಹೆದ್ದಾರಿಗಳ ನೆರೆಯಲ್ಲಿದೆ. ನೀರು ಒಂದೆಡೆ, ದಾರಿ ಇನ್ನೊಂದೆಡೆ, ದುಡಿಮೆಗೆ ದಂಡು ಮಗ್ಗುಲಲ್ಲಿ—ಬಡವರ ವಸತಿಯೊಂದು ಇಲ್ಲಿ ತಲೆಯೆತ್ತಿದುದು ಆಕಸ್ಮಿಕವಲ್ಲ.

ದಂಡು ಬಂದಿತು

ಶ್ರೀರಂಗಪಟ್ಟಣದ ಹವೆ ಸೈನಿಕರಿಗೆ ಒಗ್ಗದೆ ಹೋದುದರಿಂದ, ೧೮೦೯ರ ಸುಮಾರಿಗೆ ಇಂಗ್ಲಿಷರ ಸೇನೆಯು ಬೆಂಗಳೂರಿನ ಪೇಟೆಯ ಪೂರ್ವಕ್ಕಿದ್ದ ಬಯಲಿಗೆ ಬಂದು ನೆಲೆಸಿತು. ಸೇನೆಯೆಂದರೆ ಸಿಪಾಯಿಗಳಷ್ಟೇ ಅಲ್ಲ. ಬಟ್ಟೆ ಒಗೆಯುವವರು, ಅಡಿಗೆಯವರು, ಕುದುರೆಗೆ ಹುಲ್ಲು ತರುವವರು, ಗಾರೆ ಕೆಲಸದವರು, ಚರ್ಮದ ಕೆಲಸದವರು, ಬೀದಿ ಗುಡಿಸುವವರು—ಇವರೆಲ್ಲರೂ ಅದರ ಬೆನ್ನ ಹಿಂದೆಯೇ ಬಂದರು. ಮದರಾಸು ಪ್ರಾಂತದ ಸೇನೆಯಾದುದರಿಂದ ಇವರಲ್ಲಿ ತಮಿಳರು ಬಹುಮಂದಿ. ತೆಲುಗರೂ ಉರ್ದು ಮಾತನಾಡುವವರೂ ಉಂಟು. ಹೀಗೆ ಪೇಟೆಯ ಬೆಂಗಳೂರಿಗೂ ದಂಡಿನ ಬೆಂಗಳೂರಿಗೂ ಮಾತು, ಊಟ, ಉಡುಪುಗಳಲ್ಲೆಲ್ಲ ಅಂತರ ಬೆಳೆಯಿತು. ೧೮೬೨ರಲ್ಲಿ ಎರಡಕ್ಕೂ ಪ್ರತ್ಯೇಕ ಪೌರಾಡಳಿತ ಮಂಡಲಿಗಳೇ ಏರ್ಪಟ್ಟವು.

೧೮೮೧ರಲ್ಲಿ ಮೈಸೂರು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಈ ಅಂತರಕ್ಕೆ ಶಾಸನದ ಮುದ್ರೆ ಬಿದ್ದಿತು. ದಂಡುಪ್ರದೇಶವನ್ನು ಮಾತ್ರ ಬ್ರಿಟಿಷರು ತಮ್ಮ ವಶದಲ್ಲಿಯೇ ಉಳಿಸಿಕೊಂಡು ಅದಕ್ಕೆ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿಟ್ಟರು. ನೆಲ ಮಹಾರಾಜರದು, ಆಳ್ವಿಕೆ ರೆಸಿಡೆಂಟನದು! ಮಹಾರಾಜರ ಕಾಯಿದೆ ಅಲ್ಲಿ ನಡೆಯುತ್ತಿರಲಿಲ್ಲ. ಮೊಕದ್ದಮೆಗಳ ಕೊನೆಯ ಮೇಲ್ಮನವಿ ಹೋಗುತ್ತಿದ್ದುದು ರೆಸಿಡೆಂಟನ ನ್ಯಾಯಸ್ಥಾನಕ್ಕೆ. ಮೈಸೂರಿನಲ್ಲಿ ಅದೇ ೧೮೮೧ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಕೀರ್ತಿ ದೇಶದಲ್ಲೆಲ್ಲ ಹರಡಿತು; ಹಲಸೂರಿನ ಕೂಲಿಕಾರನಿಗೆ ಮಾತ್ರ ಅದು ನೆರೆಮನೆಯ ಹಬ್ಬವಾಗಿತ್ತು.

ಪೇಟೆ ಟೌನಾದ ಬಗೆ

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಕತ್ತಲೆಯ ಕೋಣೆ, ಗಾಳಿಯಾಡದ ಓಣಿ, ಹರಿಯದ ಚರಂಡಿ—ಇವು ರೋಗಕ್ಕೆ ತವರೆಂಬುದನ್ನು ಆ ಮಾರಿಯು ಅಧಿಕಾರಿಗಳಿಗೆ ಕಲಿಸಿತು. ಅಗಲವಾದ ಬೀದಿ, ಮನೆಗೂ ಮನೆಗೂ ಎಡೆ, ನೇರವಾದ ಚರಂಡಿಗಳಿರುವ ಹೊಸ ಬಡಾವಣೆಗಳು ಪೇಟೆಯಲ್ಲಿಯೂ ದಂಡಿನಲ್ಲಿಯೂ ಎದ್ದವು. ೧೯೦೬ರಲ್ಲಿ ಹುಟ್ಟಿದ ಫ್ರೇಜರ್ ಟೌನು ಅಂಥವುಗಳಲ್ಲಿ ಒಂದು. ಆದರೆ ಹೆಂಚಿನ ಬಂಗಲೆ, ಮುಂದೆ ಹೂದೋಟ ಇವೆಲ್ಲ ಅನುಕೂಲಸ್ಥರ ಪಾಲಿನವು. ಆ ಬಂಗಲೆಗಳಲ್ಲಿ ದುಡಿಯುವವರು ಎಲ್ಲಿರಬೇಕು?

ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಮರ್ಫಿ ಟೌನು ಒಂದು. ಮೊದಲು ಅದಕ್ಕೆ ನಾಕ್ಸ್ ಪೇಟೆಯೆಂಬ ಹೆಸರಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ದುಡಿಯುವ ಬಡಜನರಿಗಾಗಿ ಅಲ್ಲಿ ಅಚ್ಚುಕಟ್ಟಾದ ಮನೆಗಳ ಬಡಾವಣೆಯನ್ನು ರೂಪಿಸಿದ ದಂಡಿನ ಎಂಜಿನಿಯರ್ ಮರ್ಫಿಯ ಹೆಸರೇ ಕಡೆಗೆ ನಿಂತಿತು. ಸ್ಟೇಷನ್ನಿನ ಇನ್ನೊಂದು ಭಾಗದಲ್ಲಿರುವ ಆಸ್ಟಿನ್ ಟೌನು ಕೂಡ ಹೀಗೆಯೇ ಎಂಜಿನಿಯರನೊಬ್ಬನ ನೆನಪನ್ನು ಹೊತ್ತಿದೆ. ದಂಡಿನ ಬಹುಪಾಲು ಬೀದಿಗಳು ದೊಡ್ಡ ಅಧಿಕಾರಿಗಳ ಹೆಸರಿನವು. ಚರಂಡಿ, ಗೋಡೆ, ಕಿಟಕಿಗಳ ಲೆಕ್ಕ ಹಾಕಿದವನ ಹೆಸರನ್ನು ಬಡವರ ಬಡಾವಣೆಯೇ ಉಳಿಸಿಕೊಂಡಿತೆಂಬುದು ಗಮನಿಸತಕ್ಕ ಮಾತು. ೧೯೮೦ರ ದಶಕದ ಕೊನೆಯಲ್ಲಿ ಫ್ರೇಜರ್ ಟೌನಿಗೆ ಪುಲಕೇಶಿನಗರವೆಂಬ ಹೆಸರಾಯಿತು. ಮರ್ಫಿ ಟೌನು ಜನರ ನಾಲಗೆಯ ಮೇಲೆ ಇಂದಿಗೂ ಮರ್ಫಿ ಟೌನೇ.

ಮರಳಿ ಮೈಸೂರಿಗೆ

೧೯೪೭ರ ಜುಲೈ ೨೬ರಂದು, ಸ್ವಾತಂತ್ರ್ಯಕ್ಕೆ ಇನ್ನು ಮೂರು ವಾರಗಳಿರುವಾಗ, ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನು ಮೈಸೂರು ಸರಕಾರಕ್ಕೆ ಮರಳಿತು. ೧೯೪೯ರಲ್ಲಿ ಪೇಟೆ ಮತ್ತು ದಂಡುಗಳ ಪೌರಾಡಳಿತಗಳು ಒಂದುಗೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಹುಟ್ಟಿತು. ಒಂದೇ ಊರಿನ ಎರಡು ಹೋಳುಗಳು ೮೭ ವರ್ಷಗಳ ಮೇಲೆ ಒಂದು ಲೆಕ್ಕಕ್ಕೆ ಬಂದವು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ೧೯೭೩ರಲ್ಲಿ ಅದು ಕರ್ನಾಟಕವೆನಿಸಿತು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯು ನಗರ ಮತ್ತು ಗ್ರಾಮಾಂತರವೆಂದು ಒಡೆಯಿತು. ೨೦೦೭ರಲ್ಲಿ ಗ್ರಾಮಾಂತರದಿಂದ ರಾಮನಗರ ಬೇರೆಯಾಯಿತು. ೨೦೨೫ರಲ್ಲಿ ಅದಕ್ಕೂ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಮರ್ಫಿ ಟೌನು ಬೆಂಗಳೂರು ನಗರ ಜಿಲ್ಲೆಯಲ್ಲಿ ಉಳಿಯಿತು. ೨೦೧೧ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ ೯೬ ಲಕ್ಷವನ್ನು ಮೀರಿತ್ತು.

ಜನ ಮತ್ತು ಮಾತು

ಇಂಥ ಬಡಾವಣೆಯ ಜನಜೀವನವನ್ನು ಒಂದು ಮಾತಿನಲ್ಲಿ ಹಿಡಿಯುವುದು ಸಾಧ್ಯವಿಲ್ಲ. ಮನೆಯೊಳಗೆ ತಮಿಳು, ಅಂಗಡಿಯಲ್ಲಿ ಕನ್ನಡ, ಷಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋದರೆ ಉರ್ದು—ಮೂರೂ ಒಂದೇ ಬಾಯಲ್ಲಿ ಒಂದೇ ದಿನದಲ್ಲಿ ಸಲೀಸಾಗಿ ಓಡಾಡುವುದು ದಂಡಿನ ವಾಡಿಕೆ. ಸೆಪ್ಟೆಂಬರ್ ೮ರಂದು ಷಿವಾಜಿನಗರದ ಸಂತ ಮೇರಿಯ ದೇವಾಲಯದ ರಥೋತ್ಸವಕ್ಕೂ, ಬೇಸಗೆಯಲ್ಲಿ ಹಲಸೂರಿನ ಪಲ್ಲಕ್ಕಿ ಉತ್ಸವಕ್ಕೂ ಪೂರ್ವ ಬೆಂಗಳೂರಿನ ಜನ ಮತಭೇದವೆಣಿಸದೆ ಕೂಡುವರು.

ಈ ಸೌಹಾರ್ದವು ಯಾವಾಗಲೂ ಸುಲಭವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ೧೯೯೧ರಲ್ಲಿ ಕಾವೇರಿ ನೀರಿನ ವಿವಾದವು ಗಲಭೆಯಾಗಿ ಉರಿದಾಗ ದುಡಿದು ತಿನ್ನುವ ತಮಿಳು ಕುಟುಂಬಗಳು ಬೆಂಗಳೂರಿನಲ್ಲಿ ಬಹಳ ನೊಂದವು. ಹಲಸೂರು ಕೆರೆಯ ಬಳಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಯು ಅದೇ ೧೯೯೧ರಿಂದ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತು. ೨೦೦೯ರ ಆಗಸ್ಟ್ ೯ರಂದು ಆ ಮುಸುಕು ತೆರೆಯಿತು. ನಾಲ್ಕು ದಿನಗಳ ಮೇಲೆ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಎರಡು ನುಡಿಗಳ ಇಬ್ಬರು ನೀತಿಕವಿಗಳು ಹೀಗೆ ಒಬ್ಬರ ಊರಿಗೆ ಒಬ್ಬರು ನೆಂಟರಾಗಿ ಹೋದರು. ರಾಜಕಾರಣಿಗಳು ಒಪ್ಪಂದಕ್ಕೆ ಬರಲು ಹದಿನೆಂಟು ವರ್ಷ ಹಿಡಿಯಿತು. ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವ ಹೆಂಗಸರಿಗೆ ಅಷ್ಟು ಕಾಲ ಕಾಯುವ ಅನುಕೂಲವಿರಲಿಲ್ಲ. ಮರುದಿನವೇ ನೆರೆಯವರೊಡನೆ ಮಾತಾಡಬೇಕಾಗಿತ್ತು.

ಬಾಗಿಲು ಹಲವು, ಯಜಮಾನರಾರು?

ಹಿಂದಿನ ದಂಡಿನಲ್ಲಿ ಮನೆಯ ನೀರು ನಿಂತರೂ ಚರಂಡಿ ಕಟ್ಟಿದರೂ ದೂರು ಹೋಗಬೇಕಾದ ಬಾಗಿಲು ಒಂದೇ. ಬಾಗಿಲು ತೆರೆಯುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಈಗ ಬಾಗಿಲುಗಳು ಹಲವು. ೧೯೬೪ರಲ್ಲಿ ಸ್ಥಾಪಿತವಾದ ಜಲಮಂಡಲಿಯದು ನೀರು ಮತ್ತು ಒಳಚರಂಡಿ. ನಗರಯೋಜನೆಯು ೧೯೭೬ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ್ದಾಗಿತ್ತು. ೨೦೦೨ರ ಬೆಸ್ಕಾಂ ಕಂಪೆನಿಯದು ವಿದ್ಯುತ್ತು. ಕಸ ಮತ್ತು ಬೀದಿಗಳು ಪಾಲಿಕೆಯವು. ನೀರಿನ ಕೊಳವೆಗಾಗಿ ಅಗೆದ ಗುಂಡಿಯನ್ನು ಮುಚ್ಚಬೇಕಾದವರಾರೆಂಬ ಪ್ರಶ್ನೆಗೆ ಸುಶಿಕ್ಷಿತ ಗೃಹಸ್ಥನಿಗೇ ಉತ್ತರ ಸಿಕ್ಕದು. ದಿನಗೂಲಿಯನ್ನು ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದ ಬಡವನ ಪಾಡನ್ನು ವಾಚಕರೇ ಊಹಿಸಬಹುದು.

ಇಂಥವನಿಗೆ ಆಧಾರವಾಗಬೇಕಾದವನು ವಾರ್ಡಿನ ಸದಸ್ಯ. ಬೀದಿಯಲ್ಲಿ ತಡೆದು ನಿಲ್ಲಿಸಿ ಕೇಳಬಹುದಾದ ಏಕಮಾತ್ರ ಅಧಿಕಾರಸ್ಥನೆಂದರೆ ಅವನೇ. ೨೦೦೭ರಲ್ಲಿ ಸುತ್ತಣ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ೧೧೦ ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಅದರ ೧೯೮ ವಾರ್ಡುಗಳ ಸದಸ್ಯರ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮುಂದಿನ ಐದು ಸಂಪೂರ್ಣ ವರ್ಷಗಳು ಚುನಾಯಿತ ಸದಸ್ಯರಿಲ್ಲದೆ, ನೇಮಕಗೊಂಡ ಆಡಳಿತಾಧಿಕಾರಿಗಳ ಕೈಯಲ್ಲಿಯೇ ಕಳೆದುಹೋದವು. ೨೦೨೫ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಕಾಯಿದೆ ಜಾರಿಗೆ ಬಂದಿತು. ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆ ಅಳಿದು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣವೆಂಬ ಐದು ನಗರಪಾಲಿಕೆಗಳು ಹುಟ್ಟಿದವು. ಹಲಸೂರಿನ ಸುತ್ತಣ ಪ್ರದೇಶವು ಕೇಂದ್ರ ಪಾಲಿಕೆಯ ಪಾಲಿಗೆ ಬಂದಿತು. ಮರ್ಫಿ ಟೌನಿನ ಫಲಕದ ಮೇಲೆ ಮತ್ತೊಂದು ಆಡಳಿತದ ಹೆಸರು ಬರೆಯಬೇಕಾಯಿತು.

ಹೆಸರು ಬದಲಾದುದರಿಂದ ಕೆಡುಕೇನೂ ಇಲ್ಲ. ದೊಡ್ಡ ಪಾಲಿಕೆಗೆ ಆಗದ ಕೆಲಸವನ್ನು ಚಿಕ್ಕ ಪಾಲಿಕೆ ಮಾಡೀತೆಂಬ ವಾದದಲ್ಲಿ ಹುರುಳಿದೆ. ಆದರೆ ದಂಡಿನ ಚರಿತ್ರೆಯು ಒಂದು ಪಾಠವನ್ನು ಹೇಳುತ್ತದೆ. ರೆಸಿಡೆಂಟನ ಕಾಲದಲ್ಲಿ ಬೀದಿಗಳು ನೇರವಾಗಿದ್ದವು, ಚರಂಡಿಗಳು ಹರಿಯುತ್ತಿದ್ದವು ಎಂದು ಹೊಗಳುವವರುಂಟು. ಆ ಬೀದಿಗಳಲ್ಲಿ ವಾಸಿಸಿದವನನ್ನು ಮಾತ್ರ ಯಾರೂ ಏನನ್ನೂ ಕೇಳಿರಲಿಲ್ಲ. ೧೯೪೯ರ ನಿಜವಾದ ಗಳಿಕೆಯೆಂದರೆ ಹೊಸ ಕಟ್ಟಡವಲ್ಲ, ಹೊಸ ಹೆಸರಲ್ಲ. ಮರ್ಫಿ ಟೌನಿನ ಕೂಲಿಕಾರನಿಗೂ ಬಸವನಗುಡಿಯ ವಕೀಲನಿಗೂ ಒಂದೇ ಪೌರಸಭೆಯಲ್ಲಿ ಸ್ಥಾನ ದೊರೆತುದು. ಆ ಸಭೆಯ ಪೀಠಗಳು ಐದು ವರ್ಷ ಬರಿದಾಗಿದ್ದವೆಂದರೆ ಅದು ಲೆಕ್ಕಪತ್ರದ ಲೋಪವಲ್ಲ, ಆ ಗಳಿಕೆಯ ನಷ್ಟ.

ಸೂರಿನ ಬೆಲೆ

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ಮರ್ಫಿ ಟೌನಿನ ಹೊಟ್ಟೆ ತುಂಬಿಸಿದ ದುಡಿಮೆಯ ರೂಪವೇ ಬದಲಾಗಿದೆ. ೧೯೪೦ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ, ೧೯೪೮ರ ದೂರವಾಣಿ ಕಾರ್ಖಾನೆ, ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಇವು ಪೂರ್ವ ಬೆಂಗಳೂರನ್ನು ಕಾರ್ಮಿಕರ ಪಟ್ಟಣವನ್ನಾಗಿ ಮಾಡಿದ್ದವು, ಅವುಗಳಲ್ಲಿ ಎನ್.ಜಿ.ಇ.ಎಫ್. ೨೦೦೨ರಲ್ಲಿ ಬಾಗಿಲು ಮುಚ್ಚಿತು. ನೆರೆಯ ಇಂದಿರಾನಗರವು ಬಡಾವಣೆಯಾಗಿ ಬೆಳೆದು, ಮನೆಗಳು ಅಂಗಡಿಗಳಾಗಿ, ಅಂಗಡಿಗಳು ಮಳಿಗೆಗಳಾದವು. ೨೦೧೧ರ ಅಕ್ಟೋಬರ್ ೨೦ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಾಡಿನ ಮೊದಲ ಮೆಟ್ರೊ ರೈಲು ಓಡಿತು. ಹಲಸೂರಿಗೊಂದು, ಇಂದಿರಾನಗರಕ್ಕೊಂದು ನಿಲ್ದಾಣ. ಅಂದಿನಿಂದ ಇಲ್ಲಿಯ ಒಂದೊಂದು ಅಡಿ ನೆಲಕ್ಕೂ ಬಂಗಾರದ ತೂಕ ಬಂದಿದೆ.

ನೆಲದ ಬೆಲೆ ಏರಿದಾಗ ಅದರ ಮೇಲಿನ ಚಿಕ್ಕ ಮನೆ ಅಡ್ಡಿಯಂತೆ ಕಾಣುವುದು ಪೇಟೆಯ ನ್ಯಾಯ. ಆದರೆ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುವವಳು, ಮಳಿಗೆಯ ಬಾಗಿಲು ಕಾಯುವವನು, ಬೆಳಗಿನ ಜಾವದಲ್ಲಿ ಬೀದಿ ಗುಡಿಸುವವಳು ಹತ್ತಿರದಲ್ಲಿಯೇ ಇರಬೇಕಲ್ಲವೆ? ಇಪ್ಪತ್ತು ಮೈಲಿಯಾಚೆಗೆ ಅವರನ್ನು ಸಾಗಿಸಿದರೆ ಮಕ್ಕಳ ಶಾಲೆ ತಪ್ಪುತ್ತದೆ. ದುಡಿಯುವವನು ದುಡಿಮೆಯ ಸಮೀಪದಲ್ಲಿಯೇ, ಗಾಳಿ ಬೆಳಕುಗಳಿರುವ ಸೂರಿನಡಿ ಬದುಕಬೇಕೆಂಬುದೇ ಮರ್ಫಿ ಟೌನಿನ ಮೂಲಪಾಠ. ಪ್ಲೇಗಿನ ಭಯದಿಂದ ಕಲಿತ ಪಾಠವಾದರೂ ಅದು ಸರಿಯಾದ ಪಾಠವೇ.

ಆ ಬಡಾವಣೆಯನ್ನು ಪರದೇಶದ ಆಳ್ವಿಕೆಯೊಂದು ತನ್ನ ಅನುಕೂಲಕ್ಕಾಗಿ ಕಟ್ಟಿಸಿತು. ಅದನ್ನು ಜನರ ಅನುಕೂಲಕ್ಕಾಗಿ ಉಳಿಸಿಕೊಳ್ಳುವ ಭಾರ ಜನರೇ ಆರಿಸುವ ಆಳ್ವಿಕೆಯದು. ಹೊಸ ಪಾಲಿಕೆಯ ಮೊದಲ ಪರೀಕ್ಷೆ ವಿಧಾನಸೌಧದ ಮುಂದಿನ ಅಗಲವಾದ ರಸ್ತೆಯಲ್ಲಿ ನಡೆಯುವುದಿಲ್ಲ. ಮರ್ಫಿ ಟೌನಿನಂಥ ಇಕ್ಕಟ್ಟಾದ ಬೀದಿಗಳಲ್ಲಿ, ನಲ್ಲಿಯ ಮುಂದೆ ನಡೆಯುತ್ತದೆ.